ಬಂದ್ ಮಾಡಿದ ಮೇಲೆ ಬಂದ ಫೋಟೋ

ನಮ್ಮ ಅವ್ವ ಕಸ್ತೂರಿಬಾಯಿಯ ಶ್ರಾವಣ ಸೋಮವಾರದ ಉಪವಾಸವೆಂದರೆ ಬೀದರ್ ಕಡೆಯ ಉಪವಾಸ. ಬೆಳಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ದೀಪ ಹಚ್ಚಿ ಪೂಜೆ ಮುಗಿದ ಮೇಲೆಯೇ ಊಟ. ನನಗೆ ಔರಂಗಾಬಾದಿನಿಂದ ನಾಸಿಕಕ್ಕೆ ವರ್ಗವಾದಾಗ ಪಾತ್ರೆಪಗಡದ ಜೊತೆ ಈ ನಿಯಮವೂ ಬಂತು. ಪಕ್ಕದ ಮನೆಯ ಮರಾಠಿ ಹೆಂಗಸು ಮಂದಾಕಿನಿ ಉಪವಾಸಕ್ಕೆಂದು ಸಬ್ಬಕ್ಕಿಯ ಸಾಬೂದಾಣಿ ಖಿಚಡಿ ತಂದುಕೊಟ್ಟರೆ ಅವ್ವ ತಟ್ಟೆ ನೋಡಿ, "ಇದು ಉಪಾಸಲ್ಲ, ಲಗ್ನದ ಊಟ ಅದ" ಎಂದು ಅವರ ಎದುರಿಗೇ ಅನ್ನುತ್ತಿದ್ದಳು. ಅಂದದ್ದು ಕನ್ನಡದಲ್ಲಾದ್ದರಿಂದ ಅವರು ನಗುತ್ತಿದ್ದರು.

ಕಷ್ಟ ನನ್ನ ಹೆಂಡತಿ ವಸುಧಾಳದು. ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡುವವಳು, ಹಿಂದಿನ ಸೋಮವಾರ ಕರಿಹಲಗೆಯ ಮುಂದೆ ತಲೆ ತಿರುಗಿ ಕೂತುಬಿಟ್ಟಿದ್ದಳು.

"ಅತ್ತಿ, ನಾ ಬರೇ ಸಾಬೂದಾಣಿ ತಿಂತೀನ್ರಿ" ಎಂದು ಕೇಳಿದ್ದಕ್ಕೆ, "ಅರವತ್ತು ದಾಟಿದಾಕಿ ನಾ ತಡೀತೀನಿ, ನಿನಗೇನ್ ಧಾಡಿ ಆಗ್ಯಾದ?" ಎಂಬ ಉತ್ತರ ಸಿಕ್ಕಿತು. ಶ್ರಾವಣ ಇನ್ನೂ ಮುಗಿದಿರಲಿಲ್ಲ. ಮಗನಾಗಿ, ಗಂಡನಾಗಿ ನಾನು ಏನಾದರೂ ಹೇಳಬೇಕಿತ್ತು. ಏನು ಹೇಳಬೇಕೆಂದು ಯೋಚಿಸುತ್ತಲೇ ಇದ್ದೆ.

ಮುಂದಿನ ಸೋಮವಾರ ಮೂವರೂ ತ್ರ್ಯಂಬಕೇಶ್ವರಕ್ಕೆ ಹೋದೆವು. ನನ್ನ ಕೊರಳಲ್ಲಿ ಹೊಸ ಕ್ಯಾಮೆರಾ. ಅಂಗಡಿಯವನು ಅದನ್ನು ವಸುಧಾಳ ಫೋನಿಗೆ ಜೋಡಿಸಿ, "ಫೋಟೋ ಅಪನೇ ಆಪ್ ಜಾಯೇಗಾ ಸಾಬ್" ಎಂದಿದ್ದ. ತಾನಾಗಿಯೇ ಹೋಗುವುದು ಯಾವಾಗ ಎಂದು ಕೇಳಿದರೆ ದಡ್ಡ ಅಂದುಕೊಂಡಾನು ಎಂದು ಕೇಳಿರಲಿಲ್ಲ. ಬ್ಯಾಟರಿ ಉಳಿಯಲೆಂದು ಒಂದೊಂದು ಫೋಟೋ ಆದ ಮೇಲೂ ಆಫ್ ಮಾಡುತ್ತಿದ್ದೆ. ಆಫ್ ಆಯಿತೇ ಎಂದು ಮತ್ತೆ ತಿರುಗಿಸಿ ನೋಡುತ್ತಿದ್ದೆ. ವಸುಧಾ ತನ್ನ ಫೋನನ್ನು ಆಫ್ ಮಾಡಿ ಚೀಲದಲ್ಲಿ ಇಟ್ಟಿದ್ದಳು.

ದರ್ಶನ ಮುಗಿದು ಜೀಪು ನಿಲ್ಲುವಲ್ಲಿಗೆ ಬಂದೆವು. ವಸುಧಾ ಬಳೆ ನೋಡಲು ಹೋದಳು, ಅವ್ವ ಎತ್ತಲೋ ಹೋದಳು. ಬ್ರಹ್ಮಗಿರಿಯ ಮೇಲೆ ಮೋಡ ಚೆನ್ನಾಗಿ ಇಳಿದಿತ್ತು. ಒಂದು ಫೋಟೋ ತೆಗೆದೆ. ಪರದೆ ನೋಡಿದರೆ ಬೆಟ್ಟದ ಕೆಳಗೆ, ತಳ್ಳುಗಾಡಿಯ ಪಕ್ಕದಲ್ಲಿ, ಅವ್ವ. ಕೈಯಲ್ಲೊಂದು ಸಾಬೂದಾಣಿ ವಡೆ, ಕೆನ್ನೆಯೊಳಗೆ ಇನ್ನೊಂದು.

"ಗುರ್ಯಾ! ಬಂದ್ ಮಾಡು ಅದನ್ನ!" ಅವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದಳು. "ವಸುಧಾಗ ತೋರಿಸಿದಿ ಅಂದ್ರ ನೋಡು ಮತ್ತ. ಲಿಂಗದ ಆಣಿ ಮಾಡು."

ಆಣೆ ಮಾಡಿದೆ. ಕ್ಯಾಮೆರಾ ಆಫ್ ಮಾಡಿದೆ. ಮನೆಗೆ ಹೋಗಿ ಅಳಿಸಿದರಾಯಿತು ಎಂದುಕೊಂಡೆ.

ಜೀಪಿನಲ್ಲಿ ವಸುಧಾ ನಮ್ಮಿಬ್ಬರ ನಡುವೆ ಕೂತಳು. ಫೋನು ಆನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಅದು ಟಿಣ್ ಎಂದಿತು.

"ಅಯ್ಯ, ನೀವು ತೆಗ್ದಿದ್ದು ಫೋಟೋ ಬರ್ಲತ್ತಾವ್ರಿ!"

ಗುಡಿಯ ಮಹಾದ್ವಾರದ ಫೋಟೋ ಬಂದಿತ್ತು. ಟಿಣ್: ಕುಶಾವರ್ತ ಕೊಳದ ಮೆಟ್ಟಿಲ ಮೇಲೆ ಅವಳೇ. ತೆಗೆದ ಕ್ರಮದಲ್ಲೇ ಬರುತ್ತಿದ್ದವು. ಕೊನೆಯದು ಯಾವುದೆಂದು ನನಗೆ ಗೊತ್ತಿತ್ತು.

ಕ್ಯಾಮೆರಾ ಆಫ್ ಆಗಿರಲಿಕ್ಕಿಲ್ಲವೆಂದು ನೋಡಿದೆ. ಆಗಿತ್ತು. ಆನ್ ಮಾಡಿದೆ, ಫೋನು ಸುಮ್ಮನಾಯಿತು. ಸದ್ಯ ಎಂದು ಗಟ್ಟಿಯಾಗಿ ಒತ್ತಿ ಆಫ್ ಮಾಡಿದೆ. ಟಿಣ್. ಆನ್ ಮಾಡಿದೆ, ಸುಮ್ಮನೆ. ಆಫ್ ಮಾಡಿದೆ, ಟಿಣ್. ಆಗ ತಿಳಿಯಿತು: ಆನ್ ಇದ್ದಾಗ ಅದು ನನ್ನ ಕೆಲಸ ಮಾಡುತ್ತದೆ, ಆಫ್ ಆದ ಮೇಲೆ ಫೋಟೋ ಕಳಿಸುವ ತನ್ನ ಕೆಲಸ. ಬೇಗ ಆನ್ ಮಾಡಿ ಎದೆಗೆ ಅವಚಿಕೊಂಡೆ.

ಅಳಿಸೋಣವೆಂದರೆ ವಸುಧಾ ಪರದೆಗೆ ಬಗ್ಗಿ, "ತೋರಸ್ರಿ" ಎಂದಳು. ಅವ್ವ ಆ ಬದಿಯಿಂದ ಕ್ಯಾಮೆರಾದ ದೀಪ ಉರಿಯುವುದನ್ನು ಕಂಡಳು.

"ಬಂದ್ ಮಾಡಂದಿದ್ದಿಲ್ಲಾ ನಾ?"

"ಅವ್ವಾ, ಈಗ ಬಂದ್ ಮಾಡೋದು ಛಲೋ ಅಲ್ಲ."

"ನನಗೇ ಹೇಳ್ತಿ?" ವಸುಧಾಳ ಮಡಿಲ ಮೇಲಿಂದ ಕೈ ಚಾಚಿ ಅವ್ವ ತಾನೇ ಗುಂಡಿ ಒತ್ತಿದಳು.

ಟಿಣ್.

ವಸುಧಾ ಫೋನು ನೋಡಿದಳು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಇನ್ನಷ್ಟು ಹಿಗ್ಗಿಸಿದಳು. ಆಮೇಲೆ ಅತ್ತೆಯ ಮುಂದೆ ಹಿಡಿದು, "ಗುಡ್ಡ ಎಷ್ಟು ಛಂದ ಬಂದದ ನೋಡ್ರಿ ಅತ್ತಿ" ಎಂದಳು.

ಎದುರು ಸೀಟಿನ ಹೆಂಗಸೊಬ್ಬಳು ಫೋಟೋ ಇಣುಕಿ ನೋಡಿ, ಇಂದು ಉಪವಾಸವಲ್ಲವೇ ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದಳು.

ಅವ್ವ ನೆಟ್ಟಗೆ ಕೂತಳು. "ಮಗ್? ಉಪವಾಸಾಚಾಚ್ ವಡಾ ಆಹೇ" ಎಂದಳು. ಮತ್ತೇನು, ಇದು ಉಪವಾಸದ ವಡೆಯೇ!

ವಸುಧಾ ಕೇಳಿದಳು: "ಹಂಗಿದ್ರ ಮುಂದಿನ ಸೋಮವಾರಕ್ಕ ಸಾಬೂದಾಣಿ ನೆನಿ ಹಾಕ್ಲೇನ್ರಿ?"

ಅವ್ವ ಹೊರಗೆ ಅಂಜನೇರಿ ಗುಡ್ಡದ ಕಡೆ ನೋಡುತ್ತಲೇ ಅಂದಳು:

"ಹಾಕು. ಶೇಂಗಾ ಪುಡಿ ಜಾಸ್ತಿ ಹಾಕು. ಆ ಗಾಡಿಯವ ಹಾಕಿದ್ದೇ ಇಲ್ಲ."