ಓದಲಿಕ್ಕೆ ಬಂದ ಅಕ್ಷರ

ಲೇಬಲ್ಲಿನ ಸುರುಳಿ ಬಿಚ್ಚುತ್ತಿದ್ದ ಅನ್ನವ್ವನ ಕೈ ಅಲ್ಲೇ ನಿಂತಿತು. ಇಷ್ಟು ದಿನ ಈ ಚೀಲಗಳಿಗೆ ಹೊಲಿಯುತ್ತಿದ್ದ ಲೇಬಲ್ಲುಗಳ ಮೇಲಿನ ಅಕ್ಷರ ಯಾವ ದೇಶದವೋ, ಆಕೆಗೆ ಇರುವೆ ಹರಿದಂತೆ ಕಾಣುತ್ತಿದ್ದವು. ಇವತ್ತಿನವು ಹಿಂದಿಯವು. ಏಳನೇ ಇಯತ್ತೆಯವರೆಗೆ ಕಲಿತಿದ್ದ ಅನ್ನವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹೆಸರು. ನಂಬರ್. ಪಲಟನ್. ರಾಜ್ಯ. ಪ್ರತಿಯೊಂದರ ಮುಂದೆ ಬರೆಯಲಿಕ್ಕೆ ಒಂದು ಖಾಲಿ ಗೆರೆ.

ಚೀಲ ಆರೂವರೆ ಅಡಿ ಉದ್ದ, ಕರೀದು. ನಡುವೆ ಜಿಪ್ಪು, ಎರಡೂ ಬದಿಗೆ ಮೂರು ಮೂರು ಹಿಡಿಕೆ. ಹೆಣ ಹಾಕುವ ಚೀಲ.

ಕಲಘಟಗಿ ರಸ್ತೆಯ ಈ ಹೊಲಿಗೆ ಕಾರ್ಖಾನೆಗೆ ಆಕೆ ಬಮ್ಮಿಗಟ್ಟಿಯಿಂದ ಬರತೊಡಗಿ ಎಂಟು ವರ್ಷ. ಮೊದಲು ಸಾಲಿ ಹುಡುಗರ ಯೂನಿಫಾರ್ಮ್ ಹೊಲಿಯುತ್ತಿದ್ದರು. ಎಲ್ಲೋ ದೂರದಲ್ಲಿ ಯುದ್ಧ ಹತ್ತಿಕೊಂಡ ವರ್ಷ ಮನೆ ಕಳಕೊಂಡವರಿಗೆಂದು ಡೇರೆಯ ಆರ್ಡರು ಬಂತು. ಪುಣ್ಯದ ಕೆಲಸವೆಂದು ಹೆಂಗಸರೆಲ್ಲ ಹುರುಪಿನಿಂದ ಹೊಲಿದರು. ಆಮೇಲೆ ಗಾಯಾಳುಗಳನ್ನು ಹೊರುವ ಸ್ಟ್ರೆಚರಿನ ಬಟ್ಟೆ. ಆಮೇಲೆ ಎದೆಯ ತುಂಬ ಕಿಸೆಗಳಿದ್ದ ದಪ್ಪ ಜಾಕೀಟು.

"ಇವು ಗುಂಡು ಇಡೂ ಕಿಸೆ ಅಲ್ಲೇನ್ರಿ ಸರ್?" ಎಂದು ಅವತ್ತು ಕೇಳಿದವಳು ಬಾಜು ಮಷೀನಿನ ಸುಗರಾಬಿ.

"ನಾವು ಯಾರ ಕಡಿಗೂ ಇಲ್ಲವ್ವಾ. ಕೇಳಿದವರಿಗೆ ಹೊಲದು ಕೊಡ್ತೇವಿ, ಎರಡೂ ಕಡಿಯವರಿಗೂ," ಎಂದಿದ್ದ ಮ್ಯಾನೇಜರ್ ಹೇಮಂತ, ಅಭಿಮಾನದಿಂದಲೇ.

ಟಿವಿಯೂ ಅದನ್ನೇ ಹೇಳುತ್ತಿತ್ತು. ನಮ್ಮ ದೇಶ ಯಾರ ಪಕ್ಷಕ್ಕೂ ಇಲ್ಲ. ನಮ್ಮ ಸರಕು ಕಾಯಲು ನಮ್ಮ ಹಡಗು ಹೋದಾಗಲೂ ಅದೇ ಮಾತು. ಒಂದು ಕಡೆಯವರ ವಿಮಾನಗಳಿಗೆ ನಮ್ಮಲ್ಲಿ ಎಣ್ಣೆ ತುಂಬಿಸಿದಾಗಲೂ ಅದೇ. ಅದರ ಸಿಟ್ಟಿಗೆ ಇನ್ನೊಂದು ಕಡೆಯವರು ನಮ್ಮ ಹಡಗೊಂದನ್ನು ಸುಟ್ಟರು. ಆಗ ಪರದೇಶದ ಬಂದರೊಂದಕ್ಕೆ ನಮ್ಮ ಸೈನಿಕರು ಹೊರಟರು, ಬರೀ ಕಾವಲಿಗೆ. ಅವರಲ್ಲಿ ಅನ್ನವ್ವನ ಮಗ ಸಿದ್ಧಾರೂಢನೂ ಇದ್ದ. "ಕಾವಲು ಅಷ್ಟ ಬೇ ಯವ್ವಾ. ಕಣದಾಗ ರಾಶಿ ಕಾಯ್ದಂಗ," ಎಂದು ಫೋನಿನಲ್ಲಿ ನಕ್ಕಿದ್ದ. ಅದಾಗಿ ಮೂರು ವಾರ. ಆಮೇಲೆ ಫೋನಿಲ್ಲ.

ಅನ್ನವ್ವ ಲೇಬಲ್ಲಿನ ಸುರುಳಿ ಹಿಡಿದು ಎದ್ದಳು. ಹೇಮಂತ ಬಾಗಿಲ ಬಳಿ ಬಟ್ಟೆಯ ಥಾನು ಇಳಿಸಿಕೊಳ್ಳುತ್ತಿದ್ದ.

"ಸರ್, ಇವು ಯಾರಿಗ್ರಿ?"

ಅವನು ಸುರುಳಿ ನೋಡಿದ, ಆಕೆಯ ಮುಖ ನೋಡಲಿಲ್ಲ. "ಹೊಸಾ ಆರ್ಡರ್ ಅಕ್ಕಾರ, ನಾಕ್ ಸಾವಿರ. ಅರ್ಜಂಟ್ ಐತಿ."

"ಯಾರಿಗಂತ ಕೇಳಿದ್ನಿ."

"ನಮ್ಮವರಿಗೇ. ಸುಮ್ನ ಮುಂಜಾಗ್ರತಿಗೆ. ನಾವೇನ್ ಯುದ್ಧದಾಗ ಇಲ್ಲಲಾ."

"ಮುಂಜಾಗ್ರತಿಗೆ ನಾಕ್ ಸಾವಿರ ಚೀಲನ್ರಿ?"

ಮಷೀನುಗಳ ಸದ್ದು ಒಂದೊಂದಾಗಿ ಇಳಿಯಿತು. ಹೇಮಂತ ದನಿ ತಗ್ಗಿಸಿದ. "ಹೊರಗ ಬರ್ರಿ, ಮಾತಾಡೂಣು."

"ಇಲ್ಲೇ ಮಾತಾಡ್ರಿ. ಯಾವಾಗ ಸೇರಿದ್ವಿರಿ ನಾವು ಯುದ್ಧಕ್ಕ? ಡೇರೆ ಹೊಲಿಯೂ ಹೊತ್ತಿಗೋ, ಜಾಕೀಟು ಹೊಲಿಯೂ ಹೊತ್ತಿಗೋ? ಇವತ್ತಿನ ತನಕ ಯಾರರ ಒಬ್ಬರು ಬಂದು, ಹಿಂಗ ಯುದ್ಧಕ್ಕ ಹೊಂಟೇವಿ, ನಿನ್ನ ಮಗನ್ನ ಒಯ್ತೇವಿ ಅಂತ ಹೇಳಿದ್ರೇನು? ಕಾವಲು ಅಂದ್ರಿ. ಸರಕು ಅಂದ್ರಿ. ಇಲ್ಲಿ ನೋಡಿದ್ರ ಹೆಣದ ಅಳತಿ ಮೊದಲ ಬಂದೈತಿ."

"ನಾ ಏನ್ ಮಾಡ್ಲಿ ಅಕ್ಕಾರ? ನಾವು ಹೊಲೀಲಿಲ್ಲ ಅಂದ್ರ ಇನ್ನೊಬ್ಬರು ಹೊಲಿತಾರು."

ಈ ಮಾತು ಅನ್ನವ್ವನಿಗೆ ಹೊಸದಲ್ಲ. ಮೊದಲ ಸಲ ಕರಿ ಚೀಲ ಬಂದಾಗ ಊಟ ಸೇರದೆ ಕೂತಿದ್ದ ಸುಗರಾಬಿಗೆ ಇದೇ ಮಾತನ್ನು ಆಕೆಯೇ ಹೇಳಿದ್ದಳು. ಅವು ಪರರ ಮಕ್ಕಳ ಚೀಲ. ಅವತ್ತು ಓವರ್‌ಟೈಮ್ ಮಾಡಿ ಇನ್ನೂರು ಚೀಲ ಮುಗಿಸಿದ್ದಳು. ನೆನಪಾದೊಡನೆ ಸಿಟ್ಟು ಹೇಮಂತನನ್ನು ದಾಟಿ ತನ್ನ ಕಡೆಗೇ ತಿರುಗಿತು.

"ಹೊಲೀಲೇಳ್ರಿ, ಯಾರರ ಹೊಲೀಲಿ," ಎಂದಳು. "ನನ್ನ ಕೈಲೆ ಆಗೂದಿಲ್ಲ. ಆ ಪರದೇಶದ ಚೀಲಾನೂ ನಾ ಹೊಲೀಬಾರದಿತ್ತು."

ಸುರುಳಿಯನ್ನು ಅವನ ಮೇಜಿನ ಮೇಲಿಟ್ಟು ಹೊರಬಂದಳು. ಯಾರೂ ತಡೆಯಲಿಲ್ಲ. ಹೇಮಂತ ಒಳಗೆ ಮಾಲಕರಿಗೆ ಫೋನು ಹಚ್ಚುತ್ತಿದ್ದ. ಬಮ್ಮಿಗಟ್ಟಿಯ ಟೆಂಪೊ ಬರಲು ಇನ್ನೂ ಮೂರು ತಾಸಿತ್ತು. ಗೇಟಿನ ಬಳಿ ಬೇವಿನ ಕಟ್ಟೆಯ ಮೇಲೆ ಕೂತು ಮಗನ ನಂಬರಿಗೆ ಫೋನು ಹಚ್ಚಿದಳು. ಅದೇ ಹೆಣ್ಣುದನಿ, ಅದೇ ಮಾತು, ಸಂಪರ್ಕಕ್ಕೆ ಸಿಗುತ್ತಿಲ್ಲ.

ಒಳಗೆ ಒಂದು ಮಷೀನು ಶುರುವಾಯಿತು. ತುಸು ಹೊತ್ತಿಗೆ ಇನ್ನೊಂದು. ಯಾರದೆಂದು ಸದ್ದಿನಿಂದಲೇ ಆಕೆಗೆ ಗೊತ್ತಾಗುತ್ತಿತ್ತು. ಯಾರ ಮೇಲೂ ಸಿಟ್ಟಾಗಲು ಮನಸ್ಸು ಬರಲಿಲ್ಲ. ಎಲ್ಲರ ಮನೆಯಲ್ಲೂ ಒಲೆ ಹತ್ತಬೇಕು.

ಸುಗರಾಬಿ ಯಾವಾಗ ಬಂದು ಬಾಜು ಕೂತಳೋ ತಿಳಿಯಲಿಲ್ಲ.

"ನೀ ಯಾಕ ಬಂದಿ ಬೇ? ಹೋಗು ಒಳಗ," ಎಂದಳು ಅನ್ನವ್ವ.

ಸುಗರಾಬಿ ಇನ್ನಷ್ಟು ಹತ್ತಿರ ಸರಿದಳು. ಅನ್ನವ್ವನ ಸೆರಗಿಗೆ, ಹೆಗಲಿಗೆ, ಕೂದಲಿಗೆ ಅಂಟಿದ್ದ ಕರಿ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆಯತೊಡಗಿದಳು.