ಅಪ್ಪ ಬಿಗಿ ಮಾಡಿದ ಬೋಲ್ಟು

ಗ್ಯಾರೇಜಿನಲ್ಲಿ ನನ್ನನ್ನು ಎಲ್ಲರೂ ಸಿಡುಕಿ ಎನ್ನುತ್ತಾರೆ. ಎನ್ನಲಿ. ರೇಸ್ ಕಾರಿನ ಕೆಲಸ ಹಲ್ಲು ಕಿಸಿಯುತ್ತ ಮಾಡುವಂಥದ್ದಲ್ಲ. ಕಾರು ಓಡಿಸುವವನು ನನ್ನ ತಮ್ಮ, ಸ್ಪ್ಯಾನರ್ ಹಿಡಿಯುವವರು ಅಪ್ಪ, ಅವರ ಹಿಂದೆ ಬಿಳಿ ಬಣ್ಣದ ಪೆನ್ನು ಹಿಡಿದು ಓಡಾಡುವವಳು ನಾನು. ಅಪ್ಪ ಬಿಗಿ ಮಾಡಿದ ಪ್ರತಿ ಬೋಲ್ಟನ್ನೂ ನಾನು ಇನ್ನೊಮ್ಮೆ ಪರೀಕ್ಷಿಸಿ ಅದರ ಮೇಲೊಂದು ಗೆರೆ ಎಳೆಯಬೇಕು. ಗೆರೆ ಬಿದ್ದ ಬೋಲ್ಟನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಯಾರೋ ಪುಣ್ಯಾತ್ಮ ಬಿಗಿಯಾಗಿದ್ದನ್ನೇ ಮತ್ತೆ ತಿರುಗಿಸಿ ಬೋಲ್ಟಿನ ಕತ್ತು ಮುರಿದ ಮೇಲೆ ಅಪ್ಪನೇ ಮಾಡಿದ ಕಾನೂನು ಅದು.

ನಮ್ಮ ಸ್ಪ್ಯಾನರಿಗೆ ಒಂದು ಗುಣವಿದೆ. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ. ಕಳೆದ ಮೂರು ರೇಸುಗಳಿಂದ ಆ ಟಕ್ ಸ್ಪ್ಯಾನರಿನಿಂದ ಬರುತ್ತಿರಲಿಲ್ಲ, ಅಪ್ಪನ ಬಾಯಿಂದ ಬರುತ್ತಿತ್ತು. ಮೊದಲ ಸಲ ಕೇಳಿದಾಗ ನಗು ಬಂತು, ಆಮೇಲೆ ಅವರ ಭುಜ ನೋಡಿದೆ. ಅವರ ಬಲಭುಜಕ್ಕೆ ಅಷ್ಟು ಎಳೆಯುವ ಶಕ್ತಿಯೇ ಉಳಿದಿರಲಿಲ್ಲ. ಎಳೆದಂತೆ ಮಾಡಿ, ನಾಲಿಗೆಯಲ್ಲಿ ಟಕ್ ಎನ್ನಿಸಿ, ಮುಂದಿನ ಬೋಲ್ಟಿಗೆ ಹೋಗಿಬಿಡುತ್ತಿದ್ದರು. ಇಡೀ ಜನ್ಮ ಕೈಯನ್ನೇ ನಂಬಿ ಬದುಕಿದ ಮನುಷ್ಯ, ಅವರನ್ನು ಏನಂತ ಕೇಳಲಿ? ಬಾಯಿಗೆ ಬೀಗ ಹಾಕಿಕೊಂಡೆ. ಅವರು ನೀರು ಕುಡಿಯಲು ಎದ್ದಾಗ ಎಲ್ಲವನ್ನೂ ನಾನೇ ಬಿಗಿ ಮಾಡಿ ಗೆರೆ ಎಳೆಯುತ್ತಿದ್ದೆ. ಮೂರು ರೇಸು ಹೀಗೇ ದಾಟಿದವು.

ನಾಲ್ಕನೆಯದು ದೊಡ್ಡದು. ಹತ್ತು ದೇಶ ಸುತ್ತುವ ಸರಣಿಯೊಂದು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತದೆ, ಬಂದಾಗ ಇಲ್ಲಿಯ ಒಂದೇ ಒಂದು ತಂಡಕ್ಕೆ ಜಾಗ ಕೊಡುತ್ತಾರೆ. ಈ ಸಲ ನಮಗೆ ಕೊಟ್ಟಿದ್ದರು. ಹೊರಗಿನ ತಂಡದ ಮಾಲೀಕನೊಬ್ಬ ತಮ್ಮನ ಮೇಲೆ ಕಣ್ಣಿಟ್ಟಿದ್ದ. ಉದ್ದ ಕಾಲು, ಉದ್ದ ಕತ್ತು, ನಮ್ಮವರು ಆ ಮಾಲೀಕನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಅವತ್ತು ತಮ್ಮ ಚೆನ್ನಾಗಿ ಓಡಿಸಿದರೆ ಮುಂದಿನ ವರ್ಷ ಕೊಕ್ಕರೆಯ ಕಾರಿನಲ್ಲಿ ಕೂರುತ್ತಿದ್ದ.

ರೇಸಿಗೆ ಒಂದು ಗಂಟೆ ಇದ್ದಾಗ ಟೈರಿನ ಕಾಗದಕ್ಕೆ ಸಹಿ ಬೇಕೆಂದು ಆಫೀಸಿನವರು ನನ್ನನ್ನು ಕರೆದರು. ಹಾಳು ಸಾಲು ಮುಂದೆ ಸರಿಯಲೇ ಇಲ್ಲ. ಕಿಟಕಿಯಾಚೆ ಆಂಬುಲೆನ್ಸಿನವರು ಸ್ಟ್ರೆಚರನ್ನು ಬಿಚ್ಚಿ ಮಡಿಸಿ ಅಭ್ಯಾಸ ಮಾಡುತ್ತಿದ್ದರು. ನೋಡಬಾರದು ಎಂದುಕೊಂಡೇ ನೋಡುತ್ತ ನಿಂತೆ. ವಾಪಸು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ತಮ್ಮ ಆಗಲೇ ಕಾರಿನ ಸೀಟಿನಲ್ಲಿ ಕೂತಿದ್ದ. ಕಾರಿನ ಎಲ್ಲ ಬೋಲ್ಟುಗಳ ಮೇಲೂ ಬಿಳಿ ಗೆರೆ ಇತ್ತು, ಒಂದೂ ನೆಟ್ಟಗಿರಲಿಲ್ಲ.

ನಿನಗೆ ಕಾದು ಕೂತರೆ ರೇಸು ಮುಗಿದೇ ಹೋಗುತ್ತಿತ್ತು, ಅದಕ್ಕೆ ಗೆರೆ ನಾನೇ ಹಾಕಿಬಿಟ್ಟೆ ಎಂದರು ಅಪ್ಪ. ಮುಖದಲ್ಲಿ ಎಂಥ ಖುಷಿ! ನಾನು ಬಾಯಿ ತೆರೆಯುವ ಮುಂಚೆ ಗ್ಯಾರೇಜಿನ ಹುಡುಗರು ಕಾರನ್ನು ಟ್ರ್ಯಾಕಿಗೆ ತಳ್ಳಿದರು.

ಸ್ಪ್ಯಾನರನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ. ಕಾರುಗಳು ಸಾಲಾಗಿ ನಿಂತಿದ್ದವು, ಹೊರಡಲು ಇನ್ನೂ ಎಂಟು ನಿಮಿಷವಿತ್ತು. ಎಂಟು ನಿಮಿಷ ಧಾರಾಳ ಸಾಕು. ಆದರೆ ಹಿಂದಿನ ಬಲಚಕ್ರದ ಪಕ್ಕದಲ್ಲೇ ಕೊಕ್ಕರೆ ನಿಂತಿದ್ದ, ಅಪ್ಪನ ಹೆಗಲ ಮೇಲೆ ಕೈಹಾಕಿಕೊಂಡು. ಅವನಿಗೆ ನಮ್ಮ ಮಾತು ಬಾರದು, ಸ್ಪ್ಯಾನರಿನ ಭಾಷೆ ಬರುತ್ತದೆ. ಗೆರೆ ಎಳೆದ ಬೋಲ್ಟಿಗೆ ಮಗಳೇ ಮತ್ತೆ ಸ್ಪ್ಯಾನರ್ ಹಾಕಿದರೆ ಏನರ್ಥ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಪ್ಪ, ಒಂದ್ಸಲ ನೋಡ್ಬಿಡ್ತೀನಿ," ಎಂದೆ.

"ಗೆರೆ ಕಣ್ಣಿಗೆ ಕಾಣ್ತಿಲ್ವಾ ನಿಂಗೆ?" ಎಂದರು. ಕೊಕ್ಕರೆಗಾಗಿ ನಗುತ್ತಲೇ ಇದ್ದರು, ನನ್ನನ್ನು ನೋಡಿದ ಕಣ್ಣು ಮಾತ್ರ ಬೇಡಿಕೊಳ್ಳುತ್ತಿತ್ತು.

ನನ್ನ ಕೋಪಕ್ಕೆ ಇಡೀ ಗ್ಯಾರೇಜು ಹೆದರುತ್ತದೆ. ಬೇಕಾದ ಹೊತ್ತಿಗೆ ಆ ದರಿದ್ರ ಕೋಪ ಎಲ್ಲಿ ಸತ್ತಿತ್ತೋ! ಸುಮ್ಮನೆ ಗ್ಯಾರೇಜಿಗೆ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ.

ಹನ್ನೊಂದನೇ ಸುತ್ತಿಗೆ ತಮ್ಮ ಐದನೆಯವನಾಗಿದ್ದ. ನಮ್ಮ ದೇಶದವರು ಯಾರೂ ಅಷ್ಟು ಮುಂದೆ ಬಂದದ್ದಿಲ್ಲ. ಎದುರಿನ ಗ್ಯಾಲರಿಯ ಜನ ಕೂರುವುದನ್ನೇ ಮರೆತಿದ್ದರು, ಕೊಕ್ಕರೆ ನಮ್ಮ ಗ್ಯಾರೇಜಿಗೇ ಬಂದು ಕೂತಿದ್ದ. ಹನ್ನೆರಡನೇ ಸುತ್ತಿನಲ್ಲಿ ತಮ್ಮ ರೇಡಿಯೊದಲ್ಲಿ, ಹಿಂದೆ ಬಲಗಡೆ ಏನೋ ಅಲ್ಲಾಡುತ್ತಿದೆ, ಟೈರು ಇರಬೇಕು ಎಂದ. ಟೈರೇ, ಓಡಿಸು ಎಂದು ಅಪ್ಪ ಹೇಳಿಯೇಬಿಟ್ಟರು.

ನಾನು ಮೈಕಿನ ಗುಂಡಿ ಒತ್ತಿದೆ. "ಟೈರಲ್ಲ ಕಣೋ. ಒಳಗೆ ಬಾ. ಅಪ್ಪನ ಕೈಲಿ ಬಿಗಿ ಮಾಡೋಕೆ ಆಗ್ತಿಲ್ಲ."

ಅಪ್ಪನಿಗೂ ಹುಡುಗರಿಗೂ ಅದು ಕೇಳಿಸಿತು. ಯಾರೂ ನನ್ನತ್ತ ತಿರುಗಲಿಲ್ಲ.

"ಅದು ಗೊತ್ತಕ್ಕ," ಎಂದ ತಮ್ಮ. "ಸೀಟಲ್ಲಿ ಕೂತಿರ್ತೀನಲ್ಲ, ಬಾಯಿಂದ ಟಕ್ ಅಂದ್ರೆ ಕೇಳಲ್ವಾ? ಅವರ ಹಿಂದೇನೇ ನೀನು ಬಿಗಿ ಮಾಡ್ತೀಯಲ್ಲ ಅಂತ ಸುಮ್ಮನಿದ್ದೆ."

"ಇವತ್ತು ನಾನು ಮಾಡಿಲ್ಲ."

ಎಂಜಿನ್ ಸದ್ದು ಕಿವಿ ತುಂಬಿತು. ಆಮೇಲೆ ಅವನು ಕೇಳಿದ. "ಅಪ್ಪ, ಹೌದಾ?"

ಅಪ್ಪ ಮೈಕನ್ನು ನೋಡಿದರು. ಏನೂ ತಿಳಿಯದ ಕೊಕ್ಕರೆ ಅವರಿಗೆ ಹೆಬ್ಬೆರಳು ಎತ್ತಿ ತೋರಿಸಿದ. ಪರದೆಯ ಮೇಲೆ ತಮ್ಮನ ಕಾರು ಗ್ಯಾರೇಜಿನ ಒಳದಾರಿ ಕವಲೊಡೆಯುವ ಜಾಗಕ್ಕೆ ಬಂತು. ಅಲ್ಲಿ ಅವನು ವೇಗ ತಗ್ಗಿಸಿದ, ನಾನು ಕಣ್ಣಾರೆ ಕಂಡೆ, ಅಪ್ಪನ ಒಂದು ಮಾತಿಗಾಗಿ ತಗ್ಗಿಸಿದ. ಬಾ ಎಂದು ನಾನು ಕಿರುಚಿಕೊಂಡೆ. ಅಪ್ಪ ತುಟಿ ಬಿಚ್ಚಲಿಲ್ಲ. ಇಬ್ಬರು ಅವನನ್ನು ದಾಟಿ ಹೋದರು, ಅವನು ನೇರ ದಾರಿ ಹಿಡಿದು ಅವರ ಬೆನ್ನು ಹತ್ತಿದ.

ಒಂದು ಸುತ್ತಿಗೆ ಒಂದೂವರೆ ನಿಮಿಷ. ಅದರಲ್ಲಿ ಅರ್ಧ ಮುಗಿದ ಮೇಲೆ ಅಪ್ಪ ಗುಂಡಿ ಒತ್ತಿದರು.

"ಹೌದು ಮಗಾ. ನನ್ನ ಕೈಲಿ ಆಗ್ಲಿಲ್ಲ. ಬಂದ್ಬಿಡು."

ಉತ್ತರ ಬರಲಿಲ್ಲ. ಎಂಜಿನ್ ಸದ್ದೂ ಬರುತ್ತಿರಲಿಲ್ಲ. ಪರದೆಯಲ್ಲಿ ತಡೆಗೋಡೆಯ ಬುಡದಲ್ಲಿ ಧೂಳು ಎದ್ದಿತ್ತು, ಧೂಳಿನಿಂದ ಒಂದು ಚಕ್ರ ಮಾತ್ರ ಉರುಳಿಕೊಂಡು ಹೊರಗೆ ಬಂತು. ಕೊಕ್ಕರೆ ಎದ್ದು ನಿಂತು ಟೋಪಿ ತೆಗೆದ.

ಅಪ್ಪ ಮಾತ್ರ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಬಂದ್ಯಾ, ಮಗಾ, ಬಂದ್ಯಾ ಎಂದು ಕೇಳುತ್ತಲೇ ಇದ್ದರು.