ಕ್ಯಾಬಿನ್ನಿನ ಬಿಸಿ

ಸಂಜೆ ನಾಲ್ಕಕ್ಕೇ ಕತ್ತಲು ಕವಿದಿತ್ತು. ಡ್ರೈವರ್ ಎರ್ಚಿಮ್ ಲಾರಿಯಿಂದಿಳಿದು, ಹೆಪ್ಪುಗಟ್ಟಿದ ಯಾನಾ ನದಿಯ ಮೇಲೆ ಕೋಲು ತಟ್ಟುತ್ತಾ ಸ್ವಲ್ಪ ದೂರ ಹೋಗಿ ಬಂದ. ಅವನ ಕಣ್ರೆಪ್ಪೆಗಳು ಬೆಳ್ಳಗಾಗಿದ್ದವು.

"ಮುಂದೆ ಮಂಜುಗಡ್ಡೆ ಮೇಲೆ ನೀರು ಉಕ್ಕಿದೆ ಅಜ್ಜಿ. ಬೆಳಗಿನ ಹೊತ್ತಿಗೆ ಗಟ್ಟಿಯಾಗುತ್ತೆ. ಈಗ ಹೋದ್ರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತೆ. ಇವತ್ತು ಇಲ್ಲೇ."

ಮಾರ್ಬಾ ಸೀಟಿನ ಹಿಂದಿನ ಹಲಗೆ ಹಾಸಿಗೆಯ ಕಡೆ ತಿರುಗಿ ನೋಡಿದಳು. ಅವಳ ಗಂಡ ಬಾಯ್ಬಲ್ ಮೊಲದ ತುಪ್ಪಳದ ಹೊದಿಕೆಯೊಳಗೆ ಸಣ್ಣಗೆ ಉಸಿರಾಡುತ್ತಿದ್ದ. ಯಾಕುತ್ಸ್ಕಿನ ಡಾಕ್ಟರು ಇನ್ನೇನೂ ಉಳಿದಿಲ್ಲ ಎಂದಾಗ ಅವನು ಕೇಳಿದ್ದು ಒಂದೇ: ಮನೆಗೆ ಕರೆದುಕೊಂಡು ಹೋಗು. ಊರು ಇನ್ನೂ ಏಳು ಗಂಟೆಯ ದಾರಿ.

ಹೊರಡುವ ದಿನ ಎರ್ಚಿಮ್ ಕೈಗವಸನ್ನು ತಿರುಚುತ್ತಾ, ಮುಖ ನೋಡದೆ ಹೇಳಿದ್ದ: "ಜೀವ ಇರೋವರೆಗೆ ಕ್ಯಾಬಿನ್, ಅಜ್ಜಿ. ಆಮೇಲಾದ್ರೆ ಹಿಂದೆ, ಸಾಮಾನಿನ ಜೊತೆ. ನಮ್ಮಪ್ಪನ ಕಾಲದಿಂದ ನಮ್ಮ ಲಾರಿಯಲ್ಲಿ ಹಾಗೇ. ಬೇಜಾರು ಮಾಡ್ಕೋಬೇಡಿ." ಮಾರ್ಬಾ ಒಪ್ಪಿದ್ದಳು. ಆದರೆ ದಾರಿಯುದ್ದಕ್ಕೂ ಅವಳ ಎದೆಯಲ್ಲಿ ಇದ್ದದ್ದು ಅದೊಂದೇ. ನಲವತ್ತನಾಲ್ಕು ವರ್ಷ ಪಕ್ಕದಲ್ಲಿ ಮಲಗಿದವನನ್ನು ಹಿಟ್ಟಿನ ಮೂಟೆಗಳ ನಡುವೆ ಕತ್ತಲಲ್ಲಿ ಒಬ್ಬನೇ ಬಿಡಬೇಕಾಗಬಾರದು.

ಇಂಜಿನ್ನನ್ನು ರಾತ್ರಿಯಿಡೀ ಓಡಿಸುವಷ್ಟು ಡೀಸೆಲ್ ಇರಲಿಲ್ಲ. ಮಧ್ಯಾಹ್ನ ದಾರಿಯಲ್ಲಿ ಕೆಟ್ಟು ನಿಂತಿದ್ದ ವ್ಯಾನಿನಲ್ಲಿ ಎರಡು ಮಕ್ಕಳಿದ್ದವು. ಅವರು ಕೇಳುವ ಮೊದಲೇ ಎರ್ಚಿಮ್ ನಲವತ್ತು ಲೀಟರ್ ಇಳಿಸಿಕೊಟ್ಟಿದ್ದ. ಈಗ ಇಂಜಿನ್ ಆರಿಸಿ ಸಣ್ಣ ಹೀಟರ್ ಹಚ್ಚಿದ. ಅದು ಟಿಕ್ ಟಿಕ್ ಎನ್ನುತ್ತಾ ಡೀಸೆಲ್ಲನ್ನು ಗುಟುಕು ಗುಟುಕಾಗಿ ಕುಡಿದು ಕ್ಯಾಬಿನ್ನನ್ನೂ ಇಂಜಿನ್ನನ್ನೂ ಬೆಚ್ಚಗಿಡುತ್ತಿತ್ತು.

"ಇದು ಎಣ್ಣೆ ಜಾಸ್ತಿ ತಿನ್ನಲ್ಲ, ಬ್ಯಾಟರಿ ತಿನ್ನುತ್ತೆ," ಎಂದ ಎರ್ಚಿಮ್, ದೀಪ, ರೇಡಿಯೋ ಆರಿಸಿ, ಫೋನಿನ ತಂತಿಯನ್ನೂ ಕಿತ್ತು. "ಕಡಿಮೆಯಲ್ಲಿ ಇಟ್ಟಿದ್ದೀನಿ. ಹೊರಗೆ ಮೈನಸ್ ನಲವತ್ತೆಂಟು. ಈ ಬ್ಯಾಟರಿ ವೋಲ್ಟಿನ ಅಂಕಿ ನೋಡ್ತಾ ಇರಿ. ಈಗ ಇಪ್ಪತ್ತೈದು ಚಿಲ್ಲರೆ ಇದೆ. ಇಪ್ಪತ್ನಾಲ್ಕಕ್ಕೆ ಇಳಿದ್ರೆ ನನ್ನನ್ನ ಒದ್ದಾದ್ರೂ ಎಬ್ಬಿಸಿ. ಅದಕ್ಕಿಂತ ಕೆಳಗೆ ಹೋದ್ರೆ ಇಂಜಿನ್ ತಿರುಗಲ್ಲ, ಮೂರೂ ಜನ ಮೀನಿನ ಥರ ಸೆಟೆದುಕೊಳ್ತೀವಿ."

"ನಾನು ಮುದುಕಿ, ಮೀನಾದ್ರೂ ಯಾರೂ ಕೊಳ್ಳಲ್ಲ," ಎಂದಳು ಮಾರ್ಬಾ. ಎರ್ಚಿಮ್ ನಕ್ಕ. ಸ್ಟೀರಿಂಗ್ ಮೇಲೆ ತಲೆಯಿಟ್ಟವನು, ಇಪ್ಪತ್ತು ಗಂಟೆ ಓಡಿಸಿದ್ದವನು, ಹಾಗೇ ನಿದ್ದೆಹೋದ.

ಹತ್ತು ಗಂಟೆಗೆ ಬಾಯ್ಬಲ್ ಕಣ್ಣು ತೆರೆದ. ಮೂವತ್ತು ವರ್ಷ ಇದೇ ದಾರಿಯಲ್ಲಿ ಲಾರಿ ಓಡಿಸಿದ್ದವನು. ಅವನ ಕಾಲದಲ್ಲಿ ಅಕ್ಟೋಬರಿನಲ್ಲಿ ಹಚ್ಚಿದ ಇಂಜಿನ್ ಏಪ್ರಿಲಿನವರೆಗೆ ಆರುತ್ತಿರಲಿಲ್ಲ.

"ಯಾಕೆ ಇಂಜಿನ್ ಸದ್ದಿಲ್ಲ?"

"ನೀರು ಉಕ್ಕಿದೆಯಂತೆ. ಹೀಟರ್ ಹಚ್ಚಿದ್ದಾನೆ."

"ಬ್ಯಾಟರಿ ಮೇಲಾ?" ಬಾಯ್ಬಲ್ ಕಿವಿಗೊಟ್ಟು ಕೇಳಿದ. "ಬೆಚ್ಚಗಿದೆಯಲ್ಲ, ಆರಿಸು. ಚಳಿ ಆದಾಗ ಹಚ್ಚಿದ್ರಾಯ್ತು. ಪಾಪ ಆ ಹುಡುಗ ಬೆಳಿಗ್ಗೆ ಸ್ಟಾರ್ಟ್ ಮಾಡ್ಬೇಕು."

"ಆರಿಸಿ ಅಂತ ಅವನೇನೂ ಹೇಳಿಲ್ಲ..."

"ಲಾರಿ ವಿಷಯ ನಿನಗೆ ಗೊತ್ತೋ ನನಗೋ, ಮುದುಕಿ?"

ಲಾರಿಯ ವಿಷಯದಲ್ಲಿ ಅವಳು ಎಂದೂ ವಾದಿಸಿದವಳಲ್ಲ. ಆರಿಸಿದಳು. ಅರ್ಧ ಗಂಟೆಯಲ್ಲಿ ಗಾಜಿನ ಒಳಗಡೆ ಹಿಮದ ಎಸಳು ಮೂಡಿದವು, ಮತ್ತೆ ಹಚ್ಚಿದಳು. ಬೆಚ್ಚಗಾದ ಮೇಲೆ ಬಾಯ್ಬಲ್ ಮತ್ತೆ "ಸಾಕು, ಉಳಿಸು" ಎಂದ. ಹೀಗೆ ನಾಲ್ಕು ಸಲ. ಒಂದೊಂದು ಸಲ ಹಚ್ಚಿದಾಗಲೂ ಹೀಟರ್ ಎರಡು ಮೂರು ನಿಮಿಷ ಮುಲುಗುತ್ತಿತ್ತು, ಅಂಕಿ ಸರ್ರನೆ ಕೆಳಗಿಳಿಯುತ್ತಿತ್ತು, ಆಮೇಲೆ ಮೇಲೆ ಬರುತ್ತಿತ್ತು, ಆದರೆ ಮೊದಲಿದ್ದಲ್ಲಿಗೆ ಬರುತ್ತಿರಲಿಲ್ಲ. ನಾಲ್ಕನೆಯ ಸಲ ಇಪ್ಪತ್ನಾಲ್ಕು ಪಾಯಿಂಟ್ ಮೂರಕ್ಕೆ ನಿಂತಾಗ ಮಾರ್ಬಾಳಿಗೆ ಅರ್ಥವಾಯಿತು. ಉರಿಯುವುದಕ್ಕಲ್ಲ, ಹೊತ್ತಿಕೊಳ್ಳುವುದಕ್ಕೇ ಅದು ಬ್ಯಾಟರಿ ಹೀರುವುದು. ಉಳಿಸುತ್ತೇವೆಂದುಕೊಂಡು ಇಬ್ಬರೂ ಸೇರಿ ಖಾಲಿ ಮಾಡಿದ್ದರು.

"ಇನ್ನು ಆರಿಸಲ್ಲ ಕಣೋ ಮುದುಕ," ಎಂದಳು.

ಅವನು ಎರ್ಚಿಮನ ಕಡೆ ಕಣ್ಣು ಹೊರಳಿಸಿದ. "ಆ ಹುಡುಗನಿಗೆ ಏನಾದ್ರೂ ತಿನ್ನಿಸಿದ್ಯಾ?" ಎಂದು ಕೇಳಿದ.

"ಸಾರು ಕುಡಿದ. ನಿನಗೆ ಬೇಕಾ, ಒಂದು ಗುಟುಕು?"

ಬೇಡವೆಂಬಂತೆ ಅವಳ ಬೆರಳು ಹಿಡಿದುಕೊಂಡ. ಮೂರೂವರೆಯ ಸುಮಾರಿಗೆ ಆ ಹಿಡಿತ ಸಡಿಲವಾಯಿತು. ಮಾರ್ಬಾ ಬಹಳ ಹೊತ್ತು ಕೈ ಬಿಡಿಸಿಕೊಳ್ಳದೆ ಕೂತಳು. ಹೀಟರ್ ಟಿಕ್ ಟಿಕ್ ಎನ್ನುತ್ತಿತ್ತು. ಅವನ ಕೆನ್ನೆ ಇನ್ನೂ ಬೆಚ್ಚಗಿತ್ತು. ಅದು ಅವನ ಬಿಸಿಯೋ ಹೀಟರಿನದೋ ತಿಳಿಯಲಿಲ್ಲ.

ತಿರುಗಿದಾಗ ಅಂಕಿ ಇಪ್ಪತ್ನಾಲ್ಕು ಪಾಯಿಂಟ್ ಸೊನ್ನೆ.

ಎಬ್ಬಿಸಿದರೆ ಎರ್ಚಿಮ್ ಮೊದಲು ಕೇಳುವುದು ಅಜ್ಜ ಹೇಗಿದ್ದಾರೆ ಎಂದೇ. ಎಬ್ಬಿಸದಿದ್ದರೆ ಬಾಯ್ಬಲ್ ಬೆಳಗಿನವರೆಗೆ ಇಲ್ಲೇ, ಅವಳ ಹತ್ತಿರ ಇರುತ್ತಾನೆ. ಅವಳು ಎರ್ಚಿಮನ ಮುಖ ನೋಡಿದಳು. ಬಾಯಿ ಅರೆ ತೆರೆದು ಮಲಗಿದ್ದ. ಊರಿನಲ್ಲಿ ಅವನಿಗೂ ಕಾಯುವವರಿದ್ದಾರೆ. ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದು, ಅವನ ಭುಜ ಅಲುಗಿಸಿದಳು.

"ಮಗಾ, ಏಳು. ಇಪ್ಪತ್ನಾಲ್ಕಾಯ್ತು. ತಪ್ಪು ನನ್ನದು, ನಾಲ್ಕು ಸಲ ಆರಿಸಿ ಹಚ್ಚಿದೆ. ಮತ್ತೆ, ಅಜ್ಜ ಹೋದ."

ಎರ್ಚಿಮ್ ಹಿಂದಕ್ಕೆ ನೋಡಿದ. ಟೋಪಿ ತೆಗೆದ. ಹೀಟರ್ ಆರಿಸಿ, ಕೀಲಿ ತಿರುಗಿಸಿದ. ಇಂಜಿನ್ ಒಮ್ಮೆ ನರಳಿತು. ಎರಡನೆಯ ಸಲ ಇನ್ನೂ ಮೆಲ್ಲಗೆ. ಅವನು ಕೈ ತೆಗೆದು, ಬ್ಯಾಟರಿಗೆ ಒಂದು ನಿಮಿಷ ಬಿಡುವು ಕೊಟ್ಟ. ಮೂರನೆಯ ಸಲ ಏನೋ ಒಳಗೆ ಹಿಡಿದುಕೊಂಡು ಲಾರಿಯಿಡೀ ನಡುಗಿ ಎದ್ದಿತು.

ಅವನು ಕೆಳಗಿಳಿದು ಕೋಲು ತಟ್ಟಿ, ದಾರಿ ಗಟ್ಟಿಯಾಗಿದೆಯೆಂದು ಖಚಿತಪಡಿಸಿಕೊಂಡು ಬಂದ. ಮಾರ್ಬಾ ಆಗಲೇ ಹೊದಿಕೆಯನ್ನು ಗಂಡನ ಸುತ್ತ ಬಿಗಿಯಾಗಿ ಸುತ್ತುತ್ತಿದ್ದಳು.

"ಹಿಂದಿನ ಬಾಗಿಲು ತೆಗಿ ಮಗಾ. ನಾನು ಕಾಲು ಹಿಡೀತೀನಿ."

ಎರ್ಚಿಮ್ ಬಾಗಿಲು ತೆಗೆಯಲಿಲ್ಲ. ಕೂತಲ್ಲೇ ಮುಂದಿನ ಗಾಜನ್ನು ನೋಡುತ್ತಿದ್ದ. "ಬ್ಯಾಟರಿ ಉಳಿಸೋಕೆ ಅಂತ ಅಜ್ಜನೇ ಆರಿಸು ಅಂದ್ರಾ?"

"ನಿನಗೆ ಬೆಳಿಗ್ಗೆ ಕಷ್ಟ ಆಗಬಾರದು ಅಂದ."

ಅವನು ತಲೆಯಾಡಿಸಿದ. "ಅಜ್ಜ ಇಲ್ಲೇ ಇರ್ಲಿ. ಬಿಸಿ ಮಾತ್ರ ಬೇಡ, ದೇಹ ಕೆಡುತ್ತೆ. ಕೋಟಿನ ಗುಂಡಿ ಹಾಕ್ಕೊಳ್ಳಿ ಅಜ್ಜಿ. ಟೋಪೀನೂ. ಕಾಲಿಗೆ ನನ್ನ ಇನ್ನೊಂದು ಜೊತೆ ಬೂಟು ಹಾಕ್ಕೊಳ್ಳಿ, ದೊಡ್ಡದು, ಪರವಾಗಿಲ್ಲ."

ಬಿಸಿಗಾಳಿ ಬರುವ ಕಿಂಡಿಯನ್ನು ಮುಚ್ಚಿದ. ಮುಂದಿನ ಗಾಜಿನಲ್ಲಿ ಅಂಗೈ ಅಗಲದಷ್ಟು ಜಾಗ ಕಾಣುವಂತೆ ಮಾತ್ರ ಒಂದೆಳೆ ಗಾಳಿ ಬಿಟ್ಟ. ಮೇಲಿನ ಕಿಂಡಿಯನ್ನು ತೆರೆದಿಟ್ಟ. ಹೊರಗಿನ ಚಳಿ ನಿಧಾನವಾಗಿ ಒಳಗೆ ಇಳಿದು, ಹಲಗೆ ಹಾಸಿಗೆಯ ಮೇಲೂ ಅವರಿಬ್ಬರ ಮಡಿಲಿನ ಮೇಲೂ ಕೂತಿತು.

"ಏಳು ಗಂಟೆ ತಡ್ಕೋತೀರಾ?"

"ನೀನು?"

"ನಾನು ಸ್ಟೀರಿಂಗ್ ತಿರುಗಿಸ್ತಾ ಇರ್ತೀನಲ್ಲ, ಬೆಚ್ಚಗಾಗುತ್ತೆ," ಎಂದು ಸುಳ್ಳು ಹೇಳಿ ಎರ್ಚಿಮ್ ಲಾರಿಯನ್ನು ನದಿಯ ಮೇಲೆ ಇಳಿಸಿದ.